ಮೊಣಕಾಲ ಮೇಲೆ ಎರಡು ಬೆರಳು

ನಮ್ಮ ಮನೆಯಲ್ಲಿ ನಾನು ಹೇಳಿದ್ದನ್ನು ಅರ್ಧ ಕಡಿದು ನಂಬುತ್ತಾರೆ. ಹತ್ತು ನಾಯಿ ಬೆನ್ನಟ್ಟಿದವು ಎಂದರೆ ಅವ್ವ ಐದು ಎಂದು ತಿಳಿದುಕೊಳ್ಳುತ್ತಾಳೆ, ಅಪ್ಪ ಒಂದು ಎಂದು ತಿಳಿದುಕೊಳ್ಳುತ್ತಾನೆ. ತಂಗಿಯಂತೂ, ಬೆನ್ನಟ್ಟಿದವನು ನೀನೇ ಇರಬೇಕು, ಪಾಪ ಆ ನಾಯಿ ಎಲ್ಲಿ ಓಡಿತೋ ಎನ್ನುತ್ತಾಳೆ. ಬ್ರಹ್ಮಪುರದ ನಮ್ಮ ಓಣಿಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿಗೆ ಒಂದು ಆಕಳು ಹಾಯ್ದದ್ದನ್ನು ನಾನು ವರ್ಣಿಸಿದ ರೀತಿಗೆ ಪಕ್ಕದ ಮನೆಯವರು ಬಂಗಾರದ ಡಬ್ಬಿ ಹಿಡಿದು ಹೊರಗೆ ಬಂದಿದ್ದರು. ಇದು ಸುಳ್ಳಲ್ಲ. ಅರ್ಧ ಕಡಿದರೂ ಹೊರಗೆ ಬಂದಿದ್ದರು, ಡಬ್ಬಿ ಮಾತ್ರ ಇರಲಿಲ್ಲ.

ನಾನು ಹೇಳಿದ್ದನ್ನು ಒಂದು ಕಾಳೂ ಕಡಿಯದೆ ನಂಬುವ ಒಬ್ಬಳೇ ಒಬ್ಬಳು ಇದ್ದಳು, ಕಮಲಾಪುರದಲ್ಲಿ. ಅವಳು ನನ್ನ ದೋಸ್ತನ ಆಯಿ, ಅವನ ಅಪ್ಪನ ತಾಯಿ.

ಕಮಲಾಪುರದಲ್ಲಿ ನನ್ನ ಕಾಕಾನ ಮನೆಯಿದೆ. ಸಾಲೆಗೆ ಸೂಟಿ ಬಿಟ್ಟ ಕೂಡಲೇ ಅಪ್ಪ ನನ್ನನ್ನು ಕಲಬುರಗಿಯಿಂದ ಬಸ್ ಹತ್ತಿಸಿ ಅಲ್ಲಿಗೆ ದಬ್ಬುತ್ತಿದ್ದ. ಕಾಕಾನ ಮನೆ ಮೇಲಿನ ಓಣಿಯಲ್ಲಿ. ದೋಸ್ತನ ಮನೆ ಹಳ್ಳದ ದಂಡೆಗಿದ್ದ ಕೆಳಗಿನ ಓಣಿಯಲ್ಲಿ. ಅಲ್ಲಿ ಹನ್ನೊಂದು ಮನೆಗಳಿದ್ದವು. ಕೆಳಗಿನ ಓಣಿಯವರು ಮೇಲಿನ ಓಣಿಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಮೇಲಿನ ಓಣಿಯವರು ಕೆಳಗೆ ಹೋಗುತ್ತಿರಲಿಲ್ಲ, ನನ್ನನ್ನು ಬಿಟ್ಟು. ನಾನು ಹೋಗುತ್ತಿದ್ದುದು ದೋಸ್ತನಿಗಾಗಿ ಎಂದು ಅವನು ತಿಳಿದಿದ್ದ. ಅರ್ಧ ಖರೆ. ಇನ್ನರ್ಧ, ಕೇಳುವ ಕಿವಿಗಾಗಿ.

ಆಯಿ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಬೆಳಗಿನ ಮೊದಲ ಬಸ್ಸು ನಿಲ್ಲುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಅವಳ ಬುಟ್ಟಿ ಇರಬೇಕು. ಮನೆಯಿಂದ ಅಲ್ಲಿಗೆ, ಅವಳದೇ ಅಳತೆಯಲ್ಲಿ, ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟು ದಾರಿ. ಅವಳ ಎಲ್ಲ ಅಳತೆಗಳೂ ಮೈಮೇಲೆಯೇ ಇರುತ್ತಿದ್ದವು: ಗೇಣು, ಮೊಳ, ಬೆರಳು, ಬೊಗಸೆ. ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕೂತು ಕಲಬುರಗಿಯ ವರದಿ ಒಪ್ಪಿಸುತ್ತಿದ್ದೆ. ನಮ್ಮ ಸಾಲೆಯಲ್ಲಿ ಸೈಕಲ್ಲುಗಳಿಗೆ ಬೇರೆ ಲಿಫ್ಟ್ ಇದೆ ಎಂದೆ ಒಮ್ಮೆ.

"ಸೈಕಲ್ ತಾವೇ ಹತ್ತತಾವೇನೋ ಮಗಾ?"

"ಹತ್ತತಾವ ಆಯಿ. ಗಂಟಿ ಬಾರಿಸಿದ್ರ ಬಾಗಿಲಾ ತೆರೀತದ."

"ಆಮ್ಯಾಲ?"

ಈ "ಆಮ್ಯಾಲ" ಎಂಬ ಮಾತಿಗೆ ನಾನು ಏನನ್ನಾದರೂ ಕೊಟ್ಟೇನು. ಮರುದಿನ ಅವಳು ಹುಮನಾಬಾದಿನ ಬಸ್ಸಿನ ಕಂಡಕ್ಟರನಿಗೆ ಆ ಲಿಫ್ಟಿನ ವಿಷಯ ಹೇಳಿ, ಅವನು ನಕ್ಕದ್ದಕ್ಕೆ ಜಗಳಾಡಿ, ಅವನಿಗೆ ಹಣ್ಣು ಕೊಡುವುದಿಲ್ಲ ಎಂದಿದ್ದಳಂತೆ.

ಎರಡು ವರ್ಷದ ಹಿಂದಿನ ದಸರಾ ಸೂಟಿಯಲ್ಲಿ ಹಳ್ಳ ಬಂತು. ಮೂರು ದಿನ ಬಿಡದೆ ಸುರಿದ ಮಳೆ. ನಾಲ್ಕನೆಯ ದಿನ ಬೆಳಗಾಗುವಾಗ ನೀರು ಕೆಳಗಿನ ಓಣಿಗೆ ನುಗ್ಗಿತು. ಆ ಮಹಾಪ್ರಳಯದ ಕಣ್ಣಾರೆ ಕಂಡ ವರದಿಯನ್ನು ನಾನು ಕನಿಷ್ಠ ನಲವತ್ತು ಜನರಿಗೆ ಒಪ್ಪಿಸಿದ್ದೇನೆ. ಈಗ ಮೊದಲ ಬಾರಿಗೆ ಬರೆಯುತ್ತೇನೆ: ನೀರು ಬಂದಾಗ ನಾನು ಕಾಕಾನ ಮನೆಯಲ್ಲಿ ಎರಡು ಕೌದಿ ಹೊದ್ದು ಮಲಗಿದ್ದೆ. ಎದ್ದು, ಚಹಾ ಕುಡಿದು, ಕೆಳಗೆ ಹೋಗುವಷ್ಟರಲ್ಲಿ ನೀರು ಇಳಿದು ಕೆಸರು ಉಳಿದಿತ್ತು. ದೋಸ್ತ ಜೋಳದ ಚೀಲವನ್ನು ಹೊತ್ತು ಹೊರಗೆ ತರುತ್ತಿದ್ದ. ಅಡಿಯಲ್ಲಿ ಜೋಳ ನೆನೆದು ಉಬ್ಬಿತ್ತು. ಆಯಿ ಒಳಗೆ ಬಟ್ಟಲಲ್ಲಿ ಏನೋ ಕಲಸುತ್ತಿದ್ದಳು.

ಅದು ಹುರಮಂಜು, ಗೋಡೆಗೆ ಬಳಿಯುವ ಕೆಮ್ಮಣ್ಣು. ಅವರ ಮನೆಯ ಒಳಗೆ, ಬಾಗಿಲ ಪಕ್ಕದ ಗೋಡೆಯ ಮೇಲೆ ಅಂಥ ಎರಡು ಗೆರೆಗಳು ಮೊದಲೇ ಇದ್ದವು. ಕೆಳಗಿನದು ಅವಳು ಮದುವೆಯಾಗಿ ಬಂದ ವರ್ಷದ್ದು, ಹಿಮ್ಮಡಿಗಿಂತ ತುಸು ಮೇಲೆ. ಎರಡನೆಯದು ದೋಸ್ತನ ಅಪ್ಪ ಹುಟ್ಟಿದ ವರ್ಷದ್ದು, ಮೊಣಕಾಲಿಗೆ ಗೇಣು ಕಡಿಮೆ. ಹಳ್ಳ ಒಳಗೆ ಬಂದು ಹೋದ ದಿನವೇ, ಗೋಡೆಯ ಹಸಿ ಆರುವ ಮೊದಲು, ಅವಳು ಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಆ ದಿನ ಮೂರನೆಯದನ್ನು ಎಳೆದಳು. ಪಕ್ಕದಲ್ಲಿ ನಿಂತು ನೋಡಿದಳು. ಮೊಣಕಾಲ ಮೇಲೆ ಎರಡು ಬೆರಳು.

"ಯಾಕ ಆಯಿ ಇದು?" ಎಂದೆ.

"ನೀರು ಇಳೀತದ ಮಗಾ, ಮಾತು ಏರ್ತದ. ಅದಕ್ಕ ಗೆರಿ."

ನನಗೇ ಹೇಳಿದಳೇನೋ ಎಂದು ಆಗ ಅನ್ನಿಸಲಿಲ್ಲ.

ಅದೇ ಸೂಟಿಯ ಕೊನೆಯ ವಾರ ಒಂದು ಜೀಪು ಬಂತು. ಹಳ್ಳದ ದಂಡೆಗೆ ತಡೆಗೋಡೆ ಕಟ್ಟುವ ಯೋಜನೆಯಿದೆ, ಊರವರ ಅಭಿಪ್ರಾಯ ಕೇಳುತ್ತಾರೆ ಎಂದು ಡಂಗುರ ಸಾರಿದರು. ಸಮುದಾಯ ಭವನದಲ್ಲಿ ಸಭೆ. ಸುಸಲಾ, ಮಿರ್ಚಿ ಭಜಿ, ಚಹಾ. ಮೇಲಿನ ಓಣಿಯವರು ಮುಂದೆ ಕುರ್ಚಿಗಳ ಮೇಲೆ, ಕೆಳಗಿನ ಓಣಿಯವರು ಹಿಂದೆ ಬಾಗಿಲ ಹತ್ತಿರ ಜಮಖಾನೆಯ ಮೇಲೆ. ಹೀಗೆ ಕೂಡಬೇಕೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸಭೆ ನಡೆಸಲು ಬಂದವರು ಒಬ್ಬ ಮೇಡಂ. ಬೆಂಗಳೂರಿನ ಕಡೆಯ ಮಾತು, ಕೈಯಲ್ಲಿ ದಪ್ಪ ಪುಸ್ತಕ, ಮುಖದಲ್ಲಿ ನಿಜವಾದ ಅಕ್ಕರೆ. ಅವರು ಗೋಡೆಗೆ ಅಂಟಿಸಿದ ನಕ್ಷೆ ಫ್ಯಾನಿನ ಗಾಳಿಗೆ ಮೂರು ಸಲ ಬಿತ್ತು. (ಅರ್ಧ ಕಡಿದರೆ ಒಂದೂವರೆ ಸಲ, ನಿಮ್ಮ ಇಷ್ಟ.)

"ಗೋಡೆ ಎಲ್ಲಿ ಬೇಕು, ಎಷ್ಟು ಎತ್ತರ ಬೇಕು ಅಂತ ನೀವೇ ಹೇಳ್ಬೇಕು" ಎಂದರು ಮೇಡಂ. "ನಾವು ಕೇಳಿ ಬರ್ಕೋತೀವಿ."

ಮುಂದಿನ ಸಾಲಿನ ಮುದುಕನೊಬ್ಬ, "ನಾವೇ ಹೇಳೂದಾದ್ರ ನೀವ್ಯಾಕ ಬಂದ್ರಿ ತಾಯಿ? ಭಜಿ ತಿನ್ಲಾಕೇನು?" ಎಂದ. ಸಭೆ ನಕ್ಕಿತು. ಮೇಡಂ ಕೂಡ ನಕ್ಕು ಒಂದು ಭಜಿ ತೆಗೆದುಕೊಂಡರು.

ಸಭೆಗೆ ಹೊರಡುವ ಮೊದಲು ಕಾಕಾ ಮೇಲಿನ ಓಣಿಯ ನಾಲ್ಕು ಜನರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಪಾಠ ಹೇಳಿದ್ದ. ಅದು ಹೊಸ ಪಾಠವಲ್ಲ, ಊರ ರಿವಾಜು. "ಸರಕಾರಕ್ಕ ಒಂದು ಕೇಳಿದ್ರ ಅರ್ಧಾ ಕೊಡ್ತದ. ಎರಡು ಕೇಳ್ರಿ, ಒಂದು ಬರ್ತದ. ಮಂದಿ ಬೋರಿಂಗ್ ಒಂದೇ ಕೇಳಿ ಏನಾಯ್ತು? ತೂತು ಬಂತು, ಪಂಪ್ ಬರ್ಲಿಲ್ಲ." ಅಲ್ಲಿ ಯಾವ ಅರ್ಜಿಯನ್ನು ತೆಗೆದು ನೋಡಿದರೂ ಎಲ್ಲವೂ ದುಪ್ಪಟ್ಟು ಇರುತ್ತಿತ್ತು. ಕೊಡುವವರು ಕಡಿಯುತ್ತಾರೆ ಎಂದು ಕೇಳುವವರು ಹಿಗ್ಗಿಸುತ್ತಿದ್ದರು. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಕಡಿತಕ್ಕೆಂದು ಬಿಟ್ಟ ಅಂಚು, ಅಷ್ಟೇ.

"ಈ ಸಲ ನೀರು ಎಲ್ಲಿವರೆಗೂ ಬಂದಿತ್ತು?" ಎಂದು ಮೇಡಂ ಕೇಳಿದರು.

ಹಿಂದಿನಿಂದ ಆಯಿ ಎದ್ದು ನಿಂತಳು. ಕೆಳಗಿನ ಓಣಿಯಿಂದ ಎದ್ದವಳು ಅವಳೊಬ್ಬಳೇ. ಬಗ್ಗಿ ಸೀರೆಯ ಮೇಲೆಯೇ ಮೊಣಕಾಲಿಗೆ ಕೈಯಿಟ್ಟಳು. "ಇಲ್ಲೀತನಕ ಬಂದಿತ್ತ್ರಿ. ಮೊಣಕಾಲ ಮ್ಯಾಗ ಎರಡು ಬೆರಳು."

ಕಾಕಾ ಕೆಮ್ಮಿದ. ಇನ್ನೊಬ್ಬ, "ಅಕಿ ಗಿಡ್ಡಿ ಅದಾಳ್ರೀ ಮೇಡಂ, ಅಕಿ ಮೊಣಕಾಲ ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದ. ಮತ್ತೆ ನಗು. ಆಯಿಯೂ ನಕ್ಕು ಕೂತಳು. ಆಗ ಕಾಕಾ ನನ್ನ ಬೆನ್ನಿಗೆ ಕೈ ಹಾಕಿ ಎಬ್ಬಿಸಿದ. "ನಮ್ಮಣ್ಣನ ಮಗ ರೀ. ಕಲಬುರಗಿದಾಗ ಓದ್ತಾನ. ಎಲ್ಲಾ ನೋಡ್ಯಾನ. ಹೇಳೋ, ಛಂದಾಗಿ ಹೇಳು."

ಕೈಗೆ ಮೈಕು ಬಂತು. ಮೈಕು ಹಿಡಿದ ಮೇಲೆ ನನ್ನ ತಪ್ಪು ಅರ್ಧ, ಮೈಕಿನದು ಅರ್ಧ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

"ಮೇಡಂ ರೀ, ಆಯಿ ಹೇಳಿದ್ದು ಖರೇನೇ ಅದ. ಆದ್ರ ಅದು ಮೊದಲ್ನೇ ಹತ್ತು ಮಿನಿಟಿನ ನೀರು. ಆಮ್ಯಾಲಿಂದು ಆಯಿಗಿ ಕಂಡಿಲ್ಲ, ಯಾಕಂದ್ರ ಅಕಿನ್ನ ನಾವು ಮನಿ ತಗಡಿನ ಪತ್ರಾದ ಮ್ಯಾಗ ಹತ್ತಿಸಿ ಕೂಡಿಸಿದ್ದೆವು. ನೀರು ಬಾಗಿಲಾ ಮುಳುಗಿಸ್ತು. ಒಂದು ಎಮ್ಮಿ ತೇಲ್ಕೋತ ಬಂದು ಪತ್ರಾದ ಮ್ಯಾಗಿನ ಕುಂಬಳ ಬಳ್ಳಿ ಪೂರಾ ತಿಂದು, ಢರ್ ಅಂತ ಢೇಕರಿಕಿ ಹೊಡದು ಹೋಯ್ತು. ನಮ್ಮ ಕಾಕಾನ ಮೋಟರ್‌ಸೈಕಲ್ಲು ಡ್ರೈವರ್ ಇಲ್ದೇ ಮಹಾಗಾಂವ ತನಕ ಹೋಗ್ಯಾದ. ಹಾರ್ನ್ ಹೊಡಕೋತ ಹೋಗ್ಯಾದ ರೀ!"

ಸಭೆ ಹೊಟ್ಟೆ ಹಿಡಿದುಕೊಂಡಿತು. ಜಮಖಾನೆಯ ಮೇಲಿನವರೂ ನಕ್ಕರು. ದೋಸ್ತ ಚಪ್ಪಾಳೆ ಹೊಡೆದ. ಮೇಡಂ ನಗುತ್ತಲೇ ಎಮ್ಮೆಯನ್ನೂ ಮೋಟರ್‌ಸೈಕಲ್ಲನ್ನೂ ಬಿಟ್ಟು, ಬಾಗಿಲು ಮುಳುಗಿದ್ದನ್ನು ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುವುದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಯಾರದೋ ಚಹಾದಲ್ಲಿ ಬಿತ್ತು.

ಚಹಾ ಕುಡಿಯುವಾಗ ಮೇಡಂ ಕಾಕಾನೊಂದಿಗೆ ಮಾತಾಡಿದ್ದನ್ನು ನಾನು ಕೇಳಿಸಿಕೊಂಡೆ. ಅವರು ಅದಕ್ಕೂ ಮೊದಲು ಕರಾವಳಿಯಲ್ಲಿ ಇದೇ ಕೆಲಸ ಮಾಡಿ ಬಂದವರು. ಕಡಲಿಗೆ ತಡೆಗೋಡೆ ಎಲ್ಲಿ ಕಟ್ಟಬೇಕು ಎಂದು ಮೀನುಗಾರರ ಕೇರಿಗಳಲ್ಲಿ ಕೂತು ಕೇಳಿದವರು.

"ಅಲ್ಲಿ ಜನ ಬಾಯೇ ಬಿಡಲ್ಲ" ಎಂದರು. "ಸಮುದ್ರ ಅಡುಗೆಮನೆಗೆ ಬಂದು ಪಾತ್ರೆ ತೊಳ್ಕೊಂಡು ಹೋಗಿದ್ರೂ, ‘ಅಂಗಳದವರೆಗೆ ಬಂತು ಅಷ್ಟೇ’ ಅಂತಾರೆ. ನಿಜ ಹೇಳಿದ್ರೆ ಎಬ್ಬಿಸಿಬಿಡ್ತಾರೆ ಅಂತ ಹೆದರಿಕೆ. ಅವರು ಹೇಳಿದ್ದರ ಮೇಲೆ ನಾವೇ ಒಂದಿಷ್ಟು ಸೇರಿಸ್ಕೋಬೇಕು."

"ಹೌದೇನ್ರಿ?" ಎಂದು ಕಾಕಾ ಬೆರಗಾದ. ನನಗೆ ಆಸೆಯಾಯಿತು. ಹೇಳಿದ್ದಕ್ಕೆ ಕೇಳುವವರೇ ಸೇರಿಸಿಕೊಳ್ಳುವ ಊರು! ಅಲ್ಲಿ ಹುಟ್ಟಿದ್ದರೆ ನಾನು ಎಷ್ಟು ಸಣ್ಣ ಸುಳ್ಳಿನಿಂದ ಎಷ್ಟು ದೊಡ್ಡ ಬಾಳು ಬಾಳಬಹುದಿತ್ತು ಎಂದು ಭಜಿ ತಿನ್ನುತ್ತ ಯೋಚಿಸಿದೆ. ಎರಡು ಊರುಗಳ ಎರಡು ರಿವಾಜು ಒಂದೇ ಪುಸ್ತಕದಲ್ಲಿ ಬಂದು ಕೂತರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಕಾಕಾನೂ ಯೋಚಿಸಲಿಲ್ಲ. ಅವನ ಲೆಕ್ಕಕ್ಕೆ ನನ್ನದು ಎರಡು ಪಟ್ಟಿನ ಮಾತು, ಕಡಿದರೆ ಸರಿಯಾಗಿ ಕೂಡುವಂಥದು.

ಹೋಗುವಾಗ ಮೇಡಂ, "ನಾಳೆ ಮನೆಗಳನ್ನ ನೋಡೋಕೆ ಬರ್ತೀವಿ. ನೀರಿನ ಗುರುತು ಇದ್ರೆ ತೋರಿಸಿ" ಎಂದರು.

ಗುರುತು ಇತ್ತು. ಮೊಣಕಾಲ ಮೇಲೆ ಎರಡು ಬೆರಳು.

ಸಭೆಗೆ ಬಂದು ಬೆಳಗಿನ ವ್ಯಾಪಾರ ತಪ್ಪಿದ್ದರಿಂದ ಆ ಮಧ್ಯಾಹ್ನ ಆಯಿ ಬಸ್‌ಸ್ಟ್ಯಾಂಡಿನಲ್ಲಿದ್ದಳು. ನಾನು ದೋಸ್ತನ ಮನೆಗೆ ಹೋಗಿ ಹುರಮಂಜು ಕಲಸಿದೆ, ಆಯಿಗಿಂತ ದಪ್ಪಗೆ. ಒದ್ದೆ ಅರಿವೆಯಿಂದ ಮೂರನೆಯ ಗೆರೆ ಒರೆಸಿದೆ. ಅದು ಪೂರ್ತಿ ಹೋಗಲಿಲ್ಲ. ಗೋಡೆಯ ಆ ಭಾಗ ಕೆನ್ನೆಗೆ ಹೊಡೆತ ಬಿದ್ದ ಹಾಗೆ ಕೆಂಪಗೆ ಉಳಿಯಿತು. ಆಮೇಲೆ ತಗಡಿನ ಡಬ್ಬದ ಮೇಲೆ ಹತ್ತಿ, ದೋಸ್ತನ ತಲೆಗಿಂತ ಒಂದು ಗೇಣು ಮೇಲೆ ಗೆರೆ ಎಳೆಯಲು ಹೋದೆ. ಅಲ್ಲಿ ಅಡ್ಡ ಬಂದದ್ದು ಬುದ್ಧನ ಪಟ. ಕಾಗದದ ಪಟ, ಒಂದು ಹನಿ ನೀರು ತಾಗದ್ದು. ಅದನ್ನು ತೆಗೆದು ಟ್ರಂಕಿನಲ್ಲಿಟ್ಟೆವು. ಪಟವಿದ್ದ ಕಡೆ ಗೋಡೆ ಬಿಳಿಯಾಗಿ ಚೌಕಾಕಾರ ಉಳಿದಿತ್ತು. ಗೆರೆ ಅದರ ನಡುವೆ ಹಾಯ್ದು ಹೋಯಿತು.

ದೋಸ್ತ ಬಟ್ಟಲು ಹಿಡಿದು ಕೆಳಗೆ ನಿಂತಿದ್ದ. "ಲೇ, ಇಷ್ಟು ನೀರು ಬಂದಿದ್ರ ನಾ ಇವತ್ತು ಇರ್ತಿದ್ದಿಲ್ಲ."

"ಗ್ವಾಡಿ ಬೇಕೋ ಬ್ಯಾಡೋ?"

"ಬೇಕು."

"ಮತ್ತ ಬಟ್ಟಲಾ ಮ್ಯಾಲೆ ಹಿಡಿ."

ಅವನಿಗೆ ಗೋಡೆ ನಿಜವಾಗಿಯೂ ಬೇಕಾಗಿತ್ತು. ಹಳ್ಳ ಒಳಗೆ ಬಂದೀತೆಂಬ ಅಂಜಿಕೆಗೆ ಪ್ರತಿ ಮಳೆಗಾಲ ಜೋಳದ ಚೀಲ ಎತ್ತಿಡುವುದು, ಆಯಿಯ ಹಾಸಿಗೆ ಎತ್ತಿಡುವುದು, ಕೊನೆಗೆ ಆಯಿಯನ್ನೇ ಎತ್ತಿಡುವುದು. ನನಗೆ ಬೇಕಾಗಿದ್ದದ್ದು ನನ್ನ ಮಾತು ಉಳಿಯುವುದು. ಇಬ್ಬರೂ ಒಂದೇ ಬಟ್ಟಲಿಗೆ ಕೈ ಹಾಕಿದ್ದೆವು.

ಸಂಜೆ ಆಯಿ ಖಾಲಿ ಬುಟ್ಟಿ ಹೊತ್ತು ಬಂದಳು. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಬುಟ್ಟಿ ಇಳಿಸಲಿಲ್ಲ.

"ಇದ್ಯಾವಾಗ ಬಂತೋ ನೀರು? ನಾ ಮಾರ್ಲಾಕ ಹೋದಾಗ?"

ನಾನು ನಕ್ಕೆ. ದೋಸ್ತ ನಗಲಿಲ್ಲ.

"ಬುದ್ಧನ್ನೂ ಮುಳುಗಿಸಿಬಿಟ್ರೇನು?"

"ಆಯಿ, ದೊಡ್ಡ ಗ್ವಾಡಿ ಬರ್ಲಿ ಅಂತ. ಅರ್ಧಾ ಕಡೀತಾರ ಅವರು. ಕಡದ್ರ ಬರೊಬ್ಬರಿ ಆಗ್ತದ. ಕಾಕಾನೂ ಹಂಗೇ ಹೇಳ್ಯಾನ."

ನಾನು ಒರೆಸಿದ ಜಾಗವನ್ನು ಅವಳು ನೋಡಿದಳು. ನಾನು ಹೇಳಿದ್ದನ್ನು ಯಾವಾಗಲೂ ನಂಬಿದವಳು, ಅದನ್ನೂ ನಂಬಿದಳು. "ಗ್ವಾಡಿ ಬಂದ್ರ ಛಲೋನೇ ಆಯ್ತು" ಎಂದು ಬುಟ್ಟಿ ಇಳಿಸಿದಳು.

ಮರುದಿನ ಮೇಡಂ ಬಂದರು. ಮೇಲಿನ ಗೆರೆಯ ಫೋಟೋ ತೆಗೆದರು. ಬಿಳಿ ಚೌಕವೂ ಫೋಟೋದಲ್ಲಿ ಬಂದಿರಬೇಕು, ಅಲ್ಲಿ ಏನಿತ್ತು ಎಂದು ಅವರು ಕೇಳಲಿಲ್ಲ. ಕೇಳಿದ್ದು ಆಯಿಯನ್ನು.

"ಅಜ್ಜಿ, ನಿನ್ನೆ ಮೊಣಕಾಲು ಅಂದ್ರಲ್ಲ? ಇಲ್ಲಿ ಗುರುತು ಇಷ್ಟು ಮೇಲಿದೆ?"

ಆಯಿ ನನ್ನ ಕಡೆ ನೋಡಿದಳು. ನಾನು ಕಣ್ಣು ಹೊಡೆದೆ. ಹೌದು, ಕಣ್ಣು ಹೊಡೆದೆ. ಎಷ್ಟೋ ಸಂಗತಿಗಳನ್ನು ಹಿಗ್ಗಿಸಿ ಹೇಳಿದ್ದೇನೆ. ಇದನ್ನು ಎಷ್ಟು ಕುಗ್ಗಿಸಿ ಹೇಳಬೇಕೆಂದರೂ ಆಗುವುದಿಲ್ಲ.

"ನಿನ್ನಿ..." ಎಂದಳು ಆಯಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ನಿನ್ನಿ ಅಂಜಿದ್ದೆ ರೀ."

ಮೇಡಂ ಅವಳ ಕೈ ಹಿಡಿದುಕೊಂಡರು. "ನನಗೆ ಗೊತ್ತಿತ್ತು ಅಜ್ಜಿ. ಹೆದರ್ಕೋಬೇಡಿ" ಎಂದರು. ಪುಸ್ತಕದಲ್ಲಿ ಬರೆದರು. ಆಯಿ ಹೆಬ್ಬೆಟ್ಟು ಒತ್ತಿದಳು.

ಆ ಗೆಲುವಿನ ಖುಷಿಯಲ್ಲಿ ನಾನು ಕಲಬುರಗಿಗೆ ಮರಳಿದೆ. ತಡೆಗೋಡೆಯನ್ನು ಮಂಜೂರು ಮಾಡಿಸಿದವನು ನಾನೇ ಎಂದು ಬ್ರಹ್ಮಪುರಕ್ಕೆಲ್ಲ ಹೇಳಿದೆ. ಅವರು ಅರ್ಧ ಕಡಿದರು. ಎಂದಿನ ಹಾಗೆ ಅರ್ಧ ಸರಿಯಾಗಿತ್ತು.

ಎರಡನೆಯ ಸಭೆ ಬೇಸಿಗೆಯ ಸೂಟಿಯಲ್ಲಿ ನಡೆಯಿತು. ನಕ್ಷೆಗೆ ಈಗ ಬಣ್ಣ ಬಂದಿತ್ತು. ಹಳ್ಳ ನೀಲಿ, ಗೋಡೆ ಕಪ್ಪು, ಕೆಳಗಿನ ಓಣಿ ಕೆಂಪು. ಗೋಡೆ ಹಳ್ಳದ ದಂಡೆಗೆ ಇರಲಿಲ್ಲ. ಅದು ಕೆಳಗಿನ ಓಣಿಯ ಹಿಂದೆ, ಕಾಕಾನ ಹಿತ್ತಲಿಗೆ ಹೊಂದಿಕೊಂಡು ಹಾಯ್ದಿತ್ತು. ಹನ್ನೊಂದು ಮನೆಗಳು ಗೋಡೆಯ ಆಚೆ, ಹಳ್ಳದ ಪಾಲಿಗೆ ಉಳಿದಿದ್ದವು.

ಮೇಡಂ ಬಿಡಿಸಿ ಹೇಳಿದರು. ಮೊಣಕಾಲಿನ ನೀರಾಗಿದ್ದರೆ ದಂಡೆಯ ಮೇಲೆಯೇ ಸಣ್ಣ ಗೋಡೆ ಸಾಕಾಗುತ್ತಿತ್ತು. ಬಾಗಿಲು ಮುಳುಗುವ ನೀರಿಗೆ ಅಲ್ಲಿ ಯಾವ ಗೋಡೆಯೂ ನಿಲ್ಲುವುದಿಲ್ಲ. ಜನರ ಜೀವ ದೊಡ್ಡದು. ಮಹಾಗಾಂವದ ದಾರಿಯಲ್ಲಿ, ತೊಗರಿ ಹೊಲಗಳ ನಡುವಿನ ದಿಬ್ಬದ ಮೇಲೆ ಹೊಸ ಮನೆಗಳನ್ನು ಕಟ್ಟಿಕೊಡುತ್ತಾರೆ. ನಳ ಇರುತ್ತದೆ, ಪಾಯಖಾನೆ ಇರುತ್ತದೆ.

ಯಾರೂ ಏನೂ ಕಡಿದಿರಲಿಲ್ಲ. ನನ್ನ ಮಾತನ್ನು ಪೂರ್ತಿ ನಂಬಿ, ಅದರ ಮೇಲೆ ತಮ್ಮದೂ ಒಂದಿಷ್ಟು ಸೇರಿಸಿಕೊಂಡಿದ್ದರು.

ಹಿಂದಿನಿಂದ ಆಯಿಯ ದನಿ ಕೇಳಿಸಿತು. "ಅಲ್ಲಿಂದ ಬಸ್‌ಸ್ಟ್ಯಾಂಡಿಗಿ ನಾ ಹ್ಯಾಂಗ ಬರ್ಲಿ ರೀ? ಬುಟ್ಟಿ ಹೊತ್ಕೊಂಡು?"

"ಟೆಂಪೋ ಓಡಾಡುತ್ತೆ ಅಜ್ಜಿ."

"ಮೊದಲ್ನೇ ಬಸ್ಸಿಗಿ ಬರ್ತದೇನ್ರಿ ಟೆಂಪೋ?"

ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ನಾನು ಎದ್ದೆ. ಮೈಕು ಯಾರೂ ಕೊಡಲಿಲ್ಲ, ಹಾಗೇ ಹೇಳಿದೆ. "ಮೇಡಂ ರೀ, ನಾ ಸುಳ್ಳು ಹೇಳಿದ್ದೆ. ನೀರು ಬಂದಾಗ ನಾ ಮಲಗಿದ್ದೆ. ಆ ಗೆರಿ ನಾನೇ ಎಳದೀನಿ. ನೀರು ಬಂದಿದ್ದು ಮೊಣಕಾಲ ಮ್ಯಾಗ ಎರಡು ಬೆರಳು ಅಷ್ಟೇ."

ಸಭೆ ನಕ್ಕಿತು. ಎಮ್ಮೆಯ ಕಥೆಗೆ ನಕ್ಕದ್ದಕ್ಕಿಂತ ಜೋರಾಗಿ. "ಎಮ್ಮಿ ಎಲ್ಲಿ ಹೋಯ್ತೋ?" ಎಂದು ಯಾರೋ ಕೂಗಿದರು. ನಾನು ಕಾಕಾನ ಕಡೆ ತಿರುಗಿದೆ. "ಕಾಕಾ, ನೀ ಹೇಳು. ನಿಂಗ ಗೊತ್ತದ."

ಕಾಕಾ ನಕ್ಷೆ ನೋಡುತ್ತಿದ್ದ. ಕಪ್ಪು ಗೆರೆ ಅವನ ಹಿತ್ತಲನ್ನು ಎಷ್ಟು ಚೆನ್ನಾಗಿ ಕಾಯುತ್ತಿತ್ತು ಎಂದು ನನಗೂ ಕಾಣುತ್ತಿತ್ತು. "ಕುಂದ್ರೋ" ಎಂದ. "ನಗಸಿದ್ದು ಸಾಕು."

ಆಯಿ ಎದ್ದಳು. "ಹುಡುಗ ಖರೇನೇ ಹೇಳ್ಲಾಕತ್ತಾನ್ರಿ."

ಮೇಡಂಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. "ಮನೆ ಬಿಡೋದು ಕಷ್ಟ, ಅರ್ಥ ಆಗುತ್ತೆ" ಎಂದರು. "ಕರಾವಳಿಯಲ್ಲೂ ಹೀಗೇ. ಎರಡನೇ ಸಭೆ ಹೊತ್ತಿಗೆ ಎಲ್ಲರ ನೀರೂ ಮೊಣಕಾಲಿಗೇ ಇಳಿದಿರುತ್ತೆ." ಪುಸ್ತಕ ತೆರೆದು ಆಯಿಯ ಹತ್ತಿರ ಹೋಗಿ ಪುಟ ತೋರಿಸಿದರು. "ಇದು ನಿಮ್ಮ ಹೆಬ್ಬೆಟ್ಟು ಅಲ್ವಾ ಅಜ್ಜಿ?"

ಆಯಿ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು. "ನಂದೇ ರೀ" ಎಂದು ಕೂತಳು.

ಮುಂದಿನ ಬೇಸಿಗೆ ಮುಗಿಯುವಷ್ಟರಲ್ಲಿ ಅವರು ದಿಬ್ಬಕ್ಕೆ ಹೋದರು. ಹೊಸ ಮನೆ ಚೆನ್ನಾಗಿದೆ. ಇದರಲ್ಲಿ ಏನನ್ನೂ ಕಡಿಯಬೇಕಾಗಿಲ್ಲ. ನಳದಲ್ಲಿ ನೀರು ಬರುತ್ತದೆ, ಗೋಡೆ ಬೆಳ್ಳಗಿದೆ. ಟೆಂಪೋ ಜನ ತುಂಬಿದ ಮೇಲೆಯೇ ಹೊರಡುತ್ತದೆ. ಅದು ಕಮಲಾಪುರ ಮುಟ್ಟುವ ಹೊತ್ತಿಗೆ ಬೆಳಗಿನ ಮೂರು ಬಸ್ಸುಗಳು ಹೋಗಿರುತ್ತವೆ. ಆಯಿ ಒಂದು ತಿಂಗಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಬಂದಳಂತೆ. ಗುಂಡಿ ಬಿದ್ದ ರಸ್ತೆಗೆ ಹಣ್ಣು ಮೆತ್ತಗಾಗುತ್ತಿದ್ದವು. ಒಂದು ದಿನ ಹೋದಾಗ ಬೇವಿನ ಗಿಡದ ಕೆಳಗೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಅಂದು ಮರಳಿ ಬಂದವಳು ಮತ್ತೆ ಹೋಗಲಿಲ್ಲ.

ದೋಸ್ತ ಈಗ ನಂದೂರಿನ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ನನ್ನ ಜೊತೆ ಕಾಲೇಜಿಗೆ ಬರಬೇಕಾಗಿದ್ದವನು. ಆಯಿಯ ಬುಟ್ಟಿ ನಿಂತ ಮೇಲೆ ಮನೆಗೆ ಒಂದು ಕೈ ಬೇಕಾಯಿತು. ಒಂದು ದಿನ ಮಿಲ್ಲಿನ ಹೊರಗೆ ಅವನನ್ನು ಕಾಯ್ದೆ. ಹುಬ್ಬಿನ ತುಂಬ ಬೇಳೆಯ ಹಳದಿ ಧೂಳು. ಮಾತಿಗೆ ಮೊದಲು ಒಂದು ಜೋಕು ಹೇಳಿದೆ; ರೂಢಿ, ಏನು ಮಾಡಲಿ. ಅವನು ಕೇಳಿಸಿಕೊಂಡ. ಹುಬ್ಬು ಒರೆಸಿಕೊಂಡ.

"ನಿಂದೇ ಅಲ್ಲೋ ತಪ್ಪು" ಎಂದ. ನಾನು ಏನೂ ಕೇಳಿರಲಿಲ್ಲ. "ಬಟ್ಟಲಾ ನಾ ಹಿಡ್ದಿದ್ದೆ."

ಅವನು ಬೈದಿದ್ದರೆ ಅದನ್ನು ಹತ್ತು ಪಟ್ಟು ಮಾಡಿ ಹೇಳಿ ನಗಿಸಬಹುದಿತ್ತು. ಈ ಮಾತನ್ನು ಹಿಗ್ಗಿಸಲು ಬರುವುದಿಲ್ಲ.

ಈ ಮಳೆಗಾಲ ಹಳ್ಳ ಮತ್ತೆ ಬಂತು. ಸುದ್ದಿ ಕೇಳಿ ಕಲಬುರಗಿಯಿಂದ ಮೊದಲ ಬಸ್ಸಿಗೆ ಹೋದೆ. ಈ ಸಲ ಮಲಗಿರಬಾರದು ಎಂದು. ಕಾಕಾನ ಹಿತ್ತಲಿನ ಹಿಂದೆ ಗೋಡೆ ಎತ್ತರವಾಗಿ, ಒಣಗಿ ನಿಂತಿತ್ತು. ಅದನ್ನು ಸುತ್ತುಹಾಕಿ ಕೆಳಗಿನ ಓಣಿಗೆ ಇಳಿದೆ. ಪತ್ರಾಗಳನ್ನು ಕಿತ್ತುಕೊಂಡು ಹೋಗಿದ್ದರಿಂದ ಮನೆಗಳಿಗೆ ಗೋಡೆಗಳಷ್ಟೇ ಉಳಿದಿವೆ. ದೋಸ್ತನ ಮನೆಯೊಳಗೆ ನಿಂತೆ. ನೀರು ತಣ್ಣಗೆ ಸುತ್ತ ಹರಿಯುತ್ತಿತ್ತು. ಪಾದ ಮುಳುಗಿ, ಹಿಮ್ಮಡಿಯ ಮೇಲಿನ ಹರಡಿನ ಗಂಟಿಗೆ ಬಂದು ನಿಂತಿತ್ತು, ಅದರ ಮೇಲೆ ಏರಲಿಲ್ಲ. ಮಧ್ಯಾಹ್ನದವರೆಗೆ ಕಾಯ್ದೆ. ಏರಲಿಲ್ಲ. ಬಾಗಿಲ ಪಕ್ಕದ ಎರಡು ಹಳೆಯ ಗೆರೆಗಳು ಮಳೆಗೆ ತೊಳೆದು ಹೋಗಿದ್ದವು. ನಾನು ಎಳೆದ ಗೆರೆ ಇತ್ತು. ದಪ್ಪಗೆ ಕಲಸಿದ್ದೆನಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಹಣಿಗೆ ಕೆಂಪು ಬಾಳೆಹಣ್ಣು ಕೊಂಡು ಟೆಂಪೋ ಹತ್ತಿ ದಿಬ್ಬಕ್ಕೆ ಹೋದೆ. ಆಯಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಒಳಗೆ ಬುದ್ಧನ ಪಟ ಬಿಳಿ ಗೋಡೆಯ ಮೇಲಿತ್ತು, ಕೆಳಗೆ ಯಾವ ಗೆರೆಯೂ ಇರಲಿಲ್ಲ. ಹಣ್ಣು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇದಕ್ಕ ಇನ್ನಾ ಎರಡು ದಿನಾ ಬೇಕು. ಕಾಯಿ ಕಟ್ಟ್ಯಾರ ನಿಂಗ. ಯಾರು ಕೂಡ್ತಾರ ಈಗ ಅಲ್ಲಿ?"

"ಯಾರೋ ಹೊಸಬರು ಆಯಿ."

"ಹೂಂ." ಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹಳ್ಳ ಬಂದಿತ್ತಂತಲ್ಲ. ಮನಿತನಕ ಬಂತೇನು?"

"ಬಂತು. ನಾನೇ ಒಳಗ ನಿಂತು ನೋಡೀನಿ."

"ಎಲ್ಲೀತನಕ?"

"ಹರಡಿನ ತನಕ."

ಆಯಿ ಬಗ್ಗಿ ತನ್ನ ಚಾಚಿದ ಕಾಲಿನ ಹರಡಿನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳನ್ನು ಮೆಲ್ಲಗೆ ಕೆಳಗೆ ಸರಿಸಿದಳು, ಪಾದದ ಅಂಚಿನವರೆಗೆ.

"ಅಂದ್ರ ಅಂಗಾಲು ತೊಯ್ದಿರಬೇಕು" ಎಂದಳು.

"ಇಲ್ಲ ಆಯಿ, ಖರೇ. ಹರಡಿನ ತನಕ."

"ಹೂಂ ಮಗಾ" ಎಂದಳು, ನಮ್ಮ ಅವ್ವ ಅನ್ನುವ ಹಾಗೆ. ಒಂದು ಹಣ್ಣು ಕಿತ್ತು ನನ್ನ ಕೈಗಿಟ್ಟಳು. ಆಮ್ಯಾಲ ಎಂದು ಕೇಳಲಿಲ್ಲ.